ಮಾಜಾಳಿಯಿಂದ ಕಾರವಾರಕ್ಕೆ ರೋಡ್ ಬೈಕ್: ಎರಡು ಮಳೆಗಾಲ ಕಂಡ ಸೈಕಲ್ಲಿನ ವಿಮರ್ಶೆ

ರೋಡ್ ಬೈಕ್, ಅಂದರೆ ಡಾಂಬರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಹಗುರ ಸೈಕಲ್, ಕೊಳ್ಳುವ ಮುನ್ನ ಎಲ್ಲರೂ ಅದರ ತೂಕ ಕೇಳುತ್ತಾರೆ, ಎಷ್ಟು ಗಿಯರ್ ಎಂದು ಕೇಳುತ್ತಾರೆ. ಕಾರವಾರದ ಆಸುಪಾಸಿನವರು ಮೊದಲು ವಿಚಾರಿಸಬೇಕಾದದ್ದು ಅದು ಉಪ್ಪನ್ನು ಹೇಗೆ ತಡೆದುಕೊಳ್ಳುತ್ತದೆ ಎಂಬುದನ್ನು. ಮಾಜಾಳಿಯ ಮನೆಯಿಂದ ಕಾರವಾರದ ಕಚೇರಿಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದು ದಿಕ್ಕಿಗೆ ಸುಮಾರು 10 ಕಿಲೋಮೀಟರ್. ಅಷ್ಟೂ ದಾರಿಯಲ್ಲಿ ಸಮುದ್ರ ಕಣ್ಣಿಗೆ ಕಾಣಲಿ ಬಿಡಲಿ, ಅದರ ಗಾಳಿ ಮಾತ್ರ ತಪ್ಪುವುದಿಲ್ಲ. ಹೊಸದರಲ್ಲಿ ಯಾವ ಸೈಕಲ್ಲೂ ಚೆನ್ನಾಗಿಯೇ ಓಡುತ್ತದೆ. ಇಲ್ಲಿನ ಹವೆಗೆ ಇದು ಒಗ್ಗಿತೇ ಎಂದು ಧೈರ್ಯವಾಗಿ ಹೇಳಲು ಎರಡು ಮಳೆಗಾಲ ಬೇಕಾಯಿತು.

ಸೈಕಲ್ಲಿನ ವಿವರ ಹೀಗಿದೆ: ಅಲ್ಯೂಮಿನಿಯಂ ಚೌಕಟ್ಟು, ಮುಂದಿನ ಚಕ್ರವನ್ನು ಹಿಡಿದಿರುವ ಕಾರ್ಬನ್ ಫೋರ್ಕ್, ಶಿಮಾನೊ ಕಂಪನಿಯ ಕ್ಲಾರಿಸ್ ಗಿಯರ್, ಮುಂದೆ 50 ಮತ್ತು 34 ಹಲ್ಲುಗಳ ಎರಡು ಗಿಯರ್ ಚಕ್ರ, ಹಿಂದೆ 11ರಿಂದ 32 ಹಲ್ಲುಗಳವರೆಗಿನ ಎಂಟು ಗಿಯರ್ ಚಕ್ರ, ಕೇಬಲ್‌ನಿಂದ ನಡೆಯುವ ಡಿಸ್ಕ್ ಬ್ರೇಕ್, 28 ಮಿಲಿಮೀಟರ್ ಟೈರು. ತೂಕ ಸುಮಾರು 10.5 ಕಿಲೋ. ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. ಚೌಕಟ್ಟಿನ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯಲ್ಲಿ ನಾಲ್ಕೈದು ಕಂಪನಿಗಳು ಬಹುತೇಕ ಇವೇ ಭಾಗಗಳನ್ನು ಜೋಡಿಸಿ ಮಾರುತ್ತವೆ, ಮುಂದೆ ಹೇಳುವ ಅನುಭವ ಅವೆಲ್ಲಕ್ಕೂ ಹೊಂದುತ್ತದೆ.

ಓಡುವುದರ ಬಗ್ಗೆ ಮೊದಲು. ಇದಕ್ಕೂ ಮೊದಲು ನನ್ನ ಬಳಿ ಇದ್ದದ್ದು ದಪ್ಪ ಟೈರಿನ, ಮುಂದೆ ಸಸ್ಪೆನ್ಶನ್ ಇದ್ದ ಎಂಟಿಬಿ, ಅಂದರೆ ಗುಡ್ಡಗಾಡಿನ ದಾರಿಗೆ ಮಾಡಿದ ಸೈಕಲ್. ಅದೇ ದಾರಿಯನ್ನು ಈಗ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತೇನೆ, ಅದೂ ಏದುಸಿರು ಬಿಡದೆ. ಸಸ್ಪೆನ್ಶನ್ ನುಂಗುತ್ತಿದ್ದ ಶಕ್ತಿಯೆಲ್ಲ ಈಗ ಚಕ್ರಕ್ಕೆ ಹೋಗುತ್ತದೆ. ಮಾಜಾಳಿಯಿಂದ ಸದಾಶಿವಗಡದವರೆಗೆ ಹೆದ್ದಾರಿ ಹೆಚ್ಚುಕಡಿಮೆ ಸಮತಟ್ಟು. ಗುಡ್ಡ ಕಡಿದು ಮಾಡಿದ ರಸ್ತೆಯ ಬಳಿ ಒಂದು ಸಣ್ಣ ಏರು ಬಿಟ್ಟರೆ ದೊಡ್ಡ ಗಿಯರ್‌ನಲ್ಲಿಯೇ ಸಾಗಬಹುದು. ಬೆಳಿಗ್ಗೆ ಎಂಟರೊಳಗೆ ಹೊರಟರೆ ನೆಲದ ಕಡೆಯಿಂದ ಬೀಸುವ ಮೆಲುಗಾಳಿ ಇರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ. ದಿನದ ಅತ್ಯುತ್ತಮ ಅರ್ಧ ಗಂಟೆ ಅದು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಸಂಜೆಯ ಕತೆ ಬೇರೆ. ಮಧ್ಯಾಹ್ನದ ನಂತರ ಗಾಳಿ ಸಮುದ್ರದಿಂದ ತಿರುಗುತ್ತದೆ. ಕೋಡಿಬಾಗ ದಾಟಿ ಕಾಳಿ ಸೇತುವೆ ಹತ್ತಿದರೆ ಎಡಗಡೆ ನದಿ ಕಡಲು ಸೇರುವ ಅಳಿವೆ, ಗಾಳಿಗೆ ಅಡ್ಡವಾಗಿ ಒಂದು ಮರವೂ ಇಲ್ಲ. ಎಡದಿಂದ ಬೀಸುವ ಗಾಳಿ ಸವಾರನನ್ನು ಬಲಕ್ಕೆ, ಅಂದರೆ ವಾಹನಗಳ ಕಡೆಗೇ ತಳ್ಳುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದಾಗ ಆ ಗಾಳಿ ಕ್ಷಣಕಾಲ ನಿಂತು, ಲಾರಿ ಮುಂದೆ ಹೋದೊಡನೆ ಮತ್ತೆ ಹೊಡೆಯುತ್ತದೆ. ಹಗುರ ಸೈಕಲ್ಲಿನಲ್ಲಿ ಇದನ್ನು ಮೊದಲೇ ಬಲ್ಲವರಿಗೆ ಮಾತ್ರ ಹ್ಯಾಂಡಲ್ ಹಿಡಿತದಲ್ಲಿರುತ್ತದೆ. ರೋಡ್ ಬೈಕಿನ ಬಾಗಿದ ಹ್ಯಾಂಡಲ್‌ನ ಕೆಳಭಾಗ ಹಿಡಿದು ಮೈ ತಗ್ಗಿಸುವುದು ವೇಗಕ್ಕಾಗಿ ಮಾತ್ರ ಎಂದು ತಿಳಿದವರು ಈ ಸೇತುವೆಯ ಮೇಲೆ ಒಮ್ಮೆ ಬರಬೇಕು. ಗಾಳಿಗೆ ಸಿಗುವ ಮೈ ಕಡಿಮೆಯಾದಷ್ಟೂ ಸೈಕಲ್ ನೇರ ನಿಲ್ಲುತ್ತದೆ.

2024ರ ಆಗಸ್ಟ್ 7ರಂದು ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ಗೋವಾ ಕಡೆಗೆ ಹೋಗುವ, ಅಲ್ಲಿಂದ ಬರುವ ವಾಹನಗಳೆಲ್ಲ ಹೊಸ ಸೇತುವೆಯನ್ನೇ ಹಂಚಿಕೊಂಡಿವೆ. ಒಂದೇ ದಿಕ್ಕಿನ ಸಂಚಾರಕ್ಕೆಂದು ಕಟ್ಟಿದ್ದರ ಮೇಲೆ ಎರಡೂ ದಿಕ್ಕಿನ ಬಸ್ಸು, ಟ್ಯಾಂಕರ್, ಕಾರು. ಸೈಕಲ್ ಸವಾರನಿಗೆ ಉಳಿಯುವುದು ಅಂಚಿನ ಬಿಳಿ ಗೆರೆಯ ಆಚೀಚೆಯ ಜಾಗ, ಮಳೆಯಲ್ಲಿ ಆ ಗೆರೆಯ ಬಣ್ಣವೂ ಜಾರುತ್ತದೆ. ಸೇತುವೆಯ ಭಾಗಗಳು ಕೂಡುವಲ್ಲಿರುವ ಕಬ್ಬಿಣದ ಪಟ್ಟಿಗಳನ್ನು ಓರೆಯಾಗಿ ದಾಟಬೇಡಿ. ಚಕ್ರ ಅದಕ್ಕೆ ನೇರವಾಗಿರಲಿ, ಆ ಹೊತ್ತಿನಲ್ಲಿ ಬ್ರೇಕ್ ಮುಟ್ಟಬೇಡಿ. ಹಳೆಯದರ ಜಾಗದಲ್ಲಿ ಮುಂದೆ ಸೇತುವೆ ಎದ್ದಾಗ ಸೈಕಲ್ಲಿಗೂ ನಡೆಯುವವರಿಗೂ ಪ್ರತ್ಯೇಕ ಪಟ್ಟಿ ಇರಲೇಬೇಕು. ಸದಾಶಿವಗಡ, ಚಿತ್ತಾಕುಲದ ಶಾಲಾ ಕಾಲೇಜು ಮಕ್ಕಳು, ಕೆಲಸಕ್ಕೆ ಹೋಗುವವರು ದಾಟಬೇಕಾದದ್ದೂ ಇದೇ ನದಿಯನ್ನು. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೇತುವೆ ಊರಿನ ಸೇತುವೆ ಹೇಗಾದೀತು?

ಈಗ ಉಪ್ಪಿನ ಮಾತು. ಅಲ್ಯೂಮಿನಿಯಂಗೆ ತುಕ್ಕಿನ ಭಯವಿಲ್ಲ ಎಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಗಾಳಿ ತಾಗಿದೊಡನೆ ಆ ಲೋಹದ ಮೇಲೆ ತೆಳುವಾದ ಆಕ್ಸೈಡ್ ಪದರ ಮೂಡಿ ಒಳಭಾಗವನ್ನು ಕಾಯುತ್ತದೆ, ನಿಜ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಕೊರೆಯುತ್ತದೆ. ಬಣ್ಣ ಕಿತ್ತ ಕಡೆ ಬಿಳಿ ಪುಡಿ, ಸಣ್ಣ ಗುಳ್ಳೆ ಕಂಡರೆ ಅದು ಈ ಕೊರೆತವೇ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂತಿರುವ ಜಾಗ ಇನ್ನೂ ಸೂಕ್ಷ್ಮವಾದದ್ದು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲಿ ಸಣ್ಣದೊಂದು ವಿದ್ಯುತ್ ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಬೋಲ್ಟು ಕಚ್ಚಿಕೊಂಡು ಕೂರುತ್ತದೆ. ನೀರಿನ ಬಾಟಲಿಯ ಹಿಡಿಕೆಯ ಬೋಲ್ಟು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟು, ಸೀಟಿನ ಕಂಬ ಇವು ಮೊದಲು ಬಲಿಯಾಗುವ ಜಾಗಗಳು. ಸೈಕಲ್ ಮನೆಗೆ ಬಂದ ವಾರವೇ ಎಲ್ಲ ಬೋಲ್ಟುಗಳನ್ನು ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಬಿಗಿದೆ. ಸೀಟಿನ ಕಂಬವನ್ನು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ ಗ್ರೀಸ್ ಹಚ್ಚುತ್ತೇನೆ. ಮಳೆಗಾಲದಲ್ಲಿ ಆ ಕಂಬ ತೆಗೆದಾಗ ಸೈಕಲ್ಲನ್ನು ತಲೆಕೆಳಗು ಮಾಡಿದರೆ ಚೌಕಟ್ಟಿನೊಳಗೆ ಸೇರಿದ ನೀರು ಹೊರಬರುತ್ತದೆ. ಇಲ್ಲದಿದ್ದರೆ ಅದು ಪೆಡಲ್ ಬೇರಿಂಗಿನ ಬಳಿ ನಿಲ್ಲುತ್ತದೆ.

ಇಲ್ಲಿನ ರಸ್ತೆಯಲ್ಲಿ ಉಪ್ಪು ಗಾಳಿಯಿಂದ ಮಾತ್ರ ಬರುವುದಿಲ್ಲ. ಮೀನಿನ ಲಾರಿಗಳಿಂದ ಸೋರುವ ಮಂಜುಗಡ್ಡೆಯ ನೀರು ಉಪ್ಪು, ಜಿಡ್ಡು, ವಾಸನೆ ಮೂರನ್ನೂ ಹೊತ್ತು ರಸ್ತೆಗೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಇದು ಕಡಿಮೆ. ಆಗಸ್ಟ್ ಬಂತೆಂದರೆ ತಿರುವುಗಳಲ್ಲಿ ಆ ನೀರಿನ ಗೆರೆಯನ್ನು ನೋಡಿಕೊಂಡೇ ಸಾಗಬೇಕು. ಅದರ ಮೇಲೆ ಹಾದ ದಿನ ಸೈಕಲ್ಲನ್ನು ತೊಳೆಯದೆ ಒಳಗೆ ಇಡುವುದಿಲ್ಲ. ತೊಳೆಯಲು ಬಾವಿಯ ಸಿಹಿನೀರಿನ ಒಂದು ಬಕೆಟ್, ಒಂದು ಹಳೆಯ ಬಟ್ಟೆ ಸಾಕು. ಬೈಕ್ ತೊಳೆಯುವ ಅಂಗಡಿಯ ಒತ್ತಡದ ಪೈಪಿಗೆ ಮಾತ್ರ ಸೈಕಲ್ ಒಡ್ಡಬೇಡಿ, ಆ ನೀರು ಚಕ್ರದ ನಡುವಿನ ಹಬ್ ಮತ್ತು ಪೆಡಲ್ ಬೇರಿಂಗಿನ ಮುಚ್ಚಳ ದಾಟಿ ಒಳಗಿನ ಗ್ರೀಸನ್ನು ತೊಳೆದುಬಿಡುತ್ತದೆ.

ಇಷ್ಟು ಆರೈಕೆಗೆ ಸೈಕಲ್ ಹೇಗೆ ಉತ್ತರ ಕೊಟ್ಟಿದೆ? ಚೌಕಟ್ಟು ಗಟ್ಟಿಯಾಗಿದೆ, ಚಕ್ರದ ಕಡ್ಡಿಗಳು ಸ್ಟೇನ್‌ಲೆಸ್ ಆದ್ದರಿಂದ ಹೊಳಪು ಕೂಡ ಹೋಗಿಲ್ಲ. ಚೈನು ಮಾತ್ರ ಇಲ್ಲಿ ಬೇಗ ಸವೆಯುತ್ತದೆ. ಅದನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ, ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆ ಎಂದು ಹಿಡಿದರೆ ಅದರ ಮುಂದಿನ ಇಪ್ಪತ್ನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಇಂಚು ಬರುತ್ತದೆ. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾದರೆ ಚೈನು ಬದಲಿಸುವ ಹೊತ್ತು ಬಂದಿದೆ. ಇನ್ನೂ ತಡಮಾಡಿದರೆ ಹಿಂದಿನ ಗಿಯರ್ ಚಕ್ರಗಳ ಹಲ್ಲು ಸವೆದು ಖರ್ಚು ಹಲವು ಪಟ್ಟಾಗುತ್ತದೆ. ಎಂಟು ಗಿಯರ್‌ನ ಚೈನು ಅಗ್ಗ, ಸುಲಭವಾಗಿ ಸಿಗುತ್ತದೆ. ಹೆಚ್ಚು ಗಿಯರ್ ಇರುವ ದುಬಾರಿ ಮಾದರಿಗಿಂತ ಇದನ್ನು ಆರಿಸಿಕೊಳ್ಳಲು ನನಗಿದ್ದ ಮುಖ್ಯ ಕಾರಣ ಇದೇ, ಇಂದಿಗೂ ಅದು ಸರಿ ಎನಿಸುತ್ತದೆ. ಬೇಸಿಗೆಯಲ್ಲಿ ತೆಳು ಎಣ್ಣೆ, ಮಳೆಗಾಲದಲ್ಲಿ ನೀರಿಗೆ ಬೇಗ ತೊಳೆದುಹೋಗದ ಮಂದ ಎಣ್ಣೆ ಹಾಕುತ್ತೇನೆ. ಎಣ್ಣೆ ಹಾಕಿ ಹತ್ತು ನಿಮಿಷದ ನಂತರ ಹೊರಗಿನದನ್ನೆಲ್ಲ ಒರೆಸಬೇಕು. ಚೈನಿಗೆ ಎಣ್ಣೆ ಬೇಕಾದದ್ದು ಒಳಗೆ, ಹೊರಗೆ ಉಳಿದದ್ದು ಮರಳನ್ನು ಹಿಡಿದಿಡುತ್ತದೆ.

ಗಿಯರ್ ಕೇಬಲ್ಲಿನ ಹೊರಕವಚದೊಳಗೆ ಮಳೆನೀರು ಇಳಿದು, ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಗಿಯರ್ ಬದಲಾವಣೆ ಬಿಗಿಯಾಯಿತು. ಒಳಗೆ ಸ್ಟೇನ್‌ಲೆಸ್ ತಂತಿ, ಹೊಸ ಕವಚ ಹಾಕಿದ ಮೇಲೆ ಹೊಸದರಂತೆಯೇ ಕೆಲಸ ಮಾಡುತ್ತಿದೆ. ಇದನ್ನು ಪ್ರತಿವರ್ಷದ ಖರ್ಚು ಎಂದೇ ಲೆಕ್ಕಕ್ಕೆ ಹಿಡಿಯಿರಿ.

ಡಿಸ್ಕ್ ಬ್ರೇಕ್ ಇಲ್ಲದ ರೋಡ್ ಬೈಕನ್ನು ಈ ಜಿಲ್ಲೆಯ ಮಳೆಯಲ್ಲಿ ನಾನು ಓಡಿಸಲಾರೆ. ಚಕ್ರದ ಅಂಚನ್ನು (ರಿಮ್) ಒತ್ತಿ ನಿಲ್ಲಿಸುವ ರಿಮ್ ಬ್ರೇಕ್ ಒದ್ದೆಯಾದಾಗ ಮೊದಲು ನೀರನ್ನು ಒರೆಸಿ ಆಮೇಲೆ ಹಿಡಿಯುತ್ತದೆ. ಕೆಮ್ಮಣ್ಣು ಬೆರೆತ ನೀರಾದರೆ ರಿಮ್ಮನ್ನೇ ಉಜ್ಜಿ ಸವೆಸುತ್ತದೆ. ಡಿಸ್ಕ್‌ ಬ್ರೇಕ್‌ನಲ್ಲಿ ಮುಖ್ಯವಾಗಿ ಸವೆಯುವುದು ಪ್ಯಾಡ್, ಡಿಸ್ಕ್ ನಿಧಾನವಾಗಿ ಸವೆಯುತ್ತದೆ. ಜೊತೆಗೆ ಬಂದ ರೆಸಿನ್ (ರಾಳದ) ಪ್ಯಾಡುಗಳು ಮಳೆಗಾಲದಲ್ಲಿ ಬೇಗ ಕರಗಿದವು. ಲೋಹದ ಪುಡಿ ಒತ್ತಿ ಮಾಡಿದ ಪ್ಯಾಡ್ ಹೆಚ್ಚು ಬಾಳಿಕೆ ಬರುತ್ತದೆ, ಆದರೆ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಅದನ್ನು ಹಾಕುವಂತಿಲ್ಲ. ಕೊಳ್ಳುವಾಗಲೇ ಆ ಸಣ್ಣ ಅಕ್ಷರಗಳನ್ನು ಓದಿ.

ಮಡ್‌ಗಾರ್ಡ್ ಕೂರಿಸಲು ಚೌಕಟ್ಟಿನಲ್ಲಿ ತೂತುಗಳಿವೆಯೇ ಎಂಬುದನ್ನೂ ನೋಡಿ. ನನ್ನದರಲ್ಲಿವೆ. ಪೂರ್ಣ ಉದ್ದದ ಮಡ್‌ಗಾರ್ಡ್ ಹಾಕಿದ ಮೇಲೆ ಬಟ್ಟೆ ಉಳಿದದ್ದಕ್ಕಿಂತ ಚೈನು, ಬೇರಿಂಗು ಉಳಿದದ್ದು ದೊಡ್ಡ ಲಾಭ. ಮಳೆಗೆ ಜಾಕೆಟ್ಟಿನಂಥ ರೇನ್‌ಕೋಟೇ ಇರಲಿ. ಮೈಮೇಲೆ ಹೊದ್ದುಕೊಳ್ಳುವ ಅಗಲವಾದ ಪಾಂಚೋ ಸೇತುವೆಯ ಮೇಲೆ ದೋಣಿಯ ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಎಳೆದೊಯ್ಯುತ್ತದೆ.

ಟೈರಿನ ವಿಷಯದಲ್ಲಿ ಹೇಳಬೇಕಾದದ್ದು ಗಾಳಿಯ ಒತ್ತಡ ಮತ್ತು ವಾಲ್ವ್. ನನ್ನ ತೂಕ 68 ಕಿಲೋ, ಮುಂದೆ 75, ಹಿಂದೆ 85 ಪಿಎಸ್‌ಐ ಇಡುತ್ತೇನೆ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ. ಇದರ ಟ್ಯೂಬಿನದು ತೆಳ್ಳಗಿನ ಪ್ರೆಸ್ಟಾ ವಾಲ್ವ್. ಪಂಕ್ಚರ್ ಅಂಗಡಿಗಳ ಪೈಪು ಅದಕ್ಕೆ ಕೂರುವುದಿಲ್ಲ. ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಯಾವಾಗಲೂ ಇಡಬೇಕು, ಜೊತೆಗೆ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಕೈಪಂಪು. ಈ ಅಳತೆಯ ಟ್ಯೂಬು ಪೇಟೆಯ ಸಾಮಾನ್ಯ ಸೈಕಲ್ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ, ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಟೈರನ್ನು ಮುಳ್ಳು ತಡೆಯುವ ಪದರವಿರುವುದಕ್ಕೆ ಬದಲಿಸಿದ ಮೇಲೆ ಪಂಕ್ಚರ್ ಅಪರೂಪವಾಗಿದೆ.

ಮಾರಾಟದ ನಂತರದ ಸೇವೆ ಈ ವಿಮರ್ಶೆಯ ಕಹಿ ಭಾಗ. ಜೋಡಿಸಿ ಕಳುಹಿಸಿದ ಅಂಗಡಿಯವರು ಹ್ಯಾಂಡಲ್ ತಿರುಗುವ ಬೇರಿಂಗಿಗೆ ಗ್ರೀಸನ್ನೇ ಹಾಕಿರಲಿಲ್ಲ. ಫೋನ್ ಮಾಡಿದರೆ ಸೈಕಲ್ಲನ್ನು ಅವರ ಊರಿಗೇ ತರಬೇಕಂತೆ. ರೋಡ್ ಬೈಕ್ ಬಲ್ಲ ಮೆಕ್ಯಾನಿಕ್ ಬೇಕೆಂದರೆ ನಾವು ಮಡಗಾವ್ ಅಥವಾ ಹುಬ್ಬಳ್ಳಿಯ ಕಡೆ ನೋಡಬೇಕು. ಹಾಗಾಗಿ ಅಲೆನ್ ಕೀಲಿಗಳ ಒಂದು ಸೆಟ್, ಚೈನು ಬಿಚ್ಚುವ ಉಪಕರಣ, ನಿಲ್ಲಿಸಿ ಹೊಡೆಯುವ ಒಳ್ಳೆಯ ಪಂಪು ಇವುಗಳ ಬೆಲೆಯನ್ನು ಸೈಕಲ್ಲಿನ ಬೆಲೆಗೆ ಸೇರಿಸಿಯೇ ಯೋಚಿಸಿ. ಕೆಲಸ ಕಲಿಯಲು ಆಸಕ್ತಿಯಿಲ್ಲದವರು ಗಿಯರ್ ಕಡಿಮೆಯಿರುವ, ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ ಕೊಳ್ಳುವುದು ಲೇಸು. ಅದನ್ನು ಊರಿನ ಅಂಗಡಿಯಲ್ಲೇ ರಿಪೇರಿ ಮಾಡಿಸಬಹುದು.

ಬೆನ್ನು ನೋಯುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಚಿಕ್ಕ ಸ್ಟೆಮ್ ಹಾಕಿಸಿ ಹ್ಯಾಂಡಲ್ ಹತ್ತಿರ ತಂದ ಮೇಲೆ ನೋವಿಲ್ಲ. ಚೀಲವನ್ನು ಬೆನ್ನಿಗೆ ಹೊರದೆ ಹಿಂದಿನ ಕ್ಯಾರಿಯರ್‌ಗೆ ಕಟ್ಟುವುದು ಅದಕ್ಕಿಂತ ಮುಖ್ಯ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆನ್ನಿನ ಮೇಲೆ ಚೀಲವಿದ್ದರೆ ಅಂಗಿ ಕಚೇರಿ ತಲುಪುವ ಮೊದಲೇ ಹಿಂಡುವಂತಾಗಿರುತ್ತದೆ. ಬದಲಿ ಅಂಗಿ, ಒಂದು ಟವೆಲ್ ಕಚೇರಿಯಲ್ಲೇ ಇಟ್ಟಿದ್ದೇನೆ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಿನ ಕಾಟವಿಲ್ಲ, ಏರಿನ ಕಾಟವಿದೆ. ದೇವಿಮನೆ ಘಟ್ಟ ಹತ್ತುವ ಆಸೆಯಿದ್ದರೆ, ಅಥವಾ ದಿನದ ದಾರಿಯಲ್ಲೇ ಕಡಿದಾದ ದಿಣ್ಣೆಗಳಿದ್ದರೆ ಹಿಂದೆ 32ರ ಬದಲು 34 ಹಲ್ಲಿನ ಚಕ್ರವಿರುವ ಕ್ಯಾಸೆಟ್ (ಹಿಂದಿನ ಗಿಯರ್ ಚಕ್ರಗಳ ಗೊಂಚಲು) ಹಾಕಿಸಿಕೊಳ್ಳಿ, ಮೊಣಕಾಲಿಗೆ ಅದರ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಯೂ ಮಡ್‌ಗಾರ್ಡ್ ಮತ್ತು ಡಿಸ್ಕ್ ಬ್ರೇಕ್ ಬಿಡಬೇಡಿ. ನನ್ನ ಸೈಕಲ್ಲಿಗೆ ಬರುವ ಜೂನ್‌ಗೆ ಮುನ್ನ ಹೊಸ ಚೈನು, ಹೊಸ ಬ್ರೇಕ್ ಪ್ಯಾಡ್ ಬೀಳಲಿವೆ, ಪೆಡಲ್ ಬೇರಿಂಗನ್ನು ಬಿಚ್ಚಿ ನೋಡಬೇಕಿದೆ. ಈಗಾಗಲೇ ಬದಲಿಸಿದ್ದನ್ನು ಬಿಟ್ಟರೆ ಉಳಿದ ಭಾಗಗಳೆಲ್ಲ ಮೊದಲಿನವೇ, ಬದಲಿಸುವ ಅಗತ್ಯ ಸದ್ಯಕ್ಕೆ ಕಾಣುತ್ತಿಲ್ಲ.