ಕ್ರೂಸ್ ಟಿಕೆಟ್ ಮಾರುವ ಏಜೆಂಟರ ಕೈಗೆ ಕೋವಿಡ್ ಪರೀಕ್ಷೆಯನ್ನೂ ಕೊಡಬೇಡಿ: ಪೋರ್ಟ್ ಕೆನವರಲ್‌ನಲ್ಲಿ ನಮಗಾದ ಮೋಸ

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು, ಫ್ಲಾರಿಡಾದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಅವರನ್ನು ಸುತ್ತಾಡಿಸಬೇಕೆಂದುಕೊಂಡಿರುವ ಅಮೆರಿಕದ ಕನ್ನಡಿಗರು ದಯವಿಟ್ಟು ಇದನ್ನು ಕೊನೆಯವರೆಗೆ ಓದಿ. ಟಿಕೆಟ್ ಮಾಡಿಕೊಡುವ ಏಜೆಂಟರು "ಕೋವಿಡ್ ಟೆಸ್ಟ್ ಕೂಡ ನಾವೇ ನೋಡ್ಕೋತೀವಿ" ಎಂದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಪರೀಕ್ಷೆಯನ್ನು ನೀವೇ ಮಾಡಿಸಿಕೊಳ್ಳಿ. 2022ರ ಏಪ್ರಿಲ್ ತಿಂಗಳ ಮೊದಲ ಶನಿವಾರ ಫ್ಲಾರಿಡಾದ ಪೋರ್ಟ್ ಕೆನವರಲ್ ಬಂದರಿನ ಟರ್ಮಿನಲ್‌ನಲ್ಲಿ ನಮ್ಮ ಕುಟುಂಬ ಸೂಟ್‌ಕೇಸುಗಳೊಂದಿಗೆ ಬದಿಗೆ ನಿಂತು, ಉಳಿದವರೆಲ್ಲ ಹಡಗು ಹತ್ತುವುದನ್ನು ನೋಡಬೇಕಾಯಿತು. ಹಡಗು ಹತ್ತಲು ಆಗ ಕೋವಿಡ್ ನೆಗೆಟಿವ್ ವರದಿ ತೋರಿಸಬೇಕಿತ್ತು. ನಮ್ಮಲ್ಲಿ ಯಾರಿಗೂ ಸೋಂಕು ಇರಲಿಲ್ಲ, ಎಲ್ಲರೂ ಲಸಿಕೆ ಪಡೆದವರೇ, ಹಣವನ್ನೂ ಪೂರ್ತಿ ಕಟ್ಟಿದ್ದೆವು. ಆದರೂ ಹಡಗು ನಮ್ಮನ್ನು ಬಿಟ್ಟು ಹೋಯಿತು.

ಏಜೆಂಟರು ನಮ್ಮವರೇ, ಕನ್ನಡದವರೇ. ನ್ಯೂಜೆರ್ಸಿಯಲ್ಲಿ ಎಷ್ಟೋ ಮನೆಗಳಿಗೆ ಊರಿನ ವಿಮಾನದ ಟಿಕೆಟ್ ಮಾಡಿಕೊಟ್ಟವರು ಎಂಬ ಒಂದೇ ಕಾರಣಕ್ಕೆ ಅವರ ಹತ್ತಿರ ಹೋದೆವು. ಫೆಬ್ರುವರಿಯಲ್ಲಿ ಬುಕಿಂಗ್ ಮಾಡುವಾಗ ಅವರು ಹೇಳಿದ್ದು, ವಿಸಿಟರ್ ವೀಸಾದಲ್ಲಿ ಬಂದವರಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ ಪರೀಕ್ಷೆ ಉಚಿತ, ನಮಗೆ ಪರಿಚಯದ ಕೇಂದ್ರವಿದೆ ಎಂದು. ಇನ್ಶೂರೆನ್ಸ್ ಇಲ್ಲದವರ ಪರೀಕ್ಷೆಯ ಖರ್ಚನ್ನು ಅಮೆರಿಕದ ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೊಂದು ಆಗ ಇದ್ದುದು ನಿಜ. ಆ ಯೋಜನೆ ಪರೀಕ್ಷೆಯ ಬಿಲ್ಲುಗಳನ್ನು ತೆಗೆದುಕೊಳ್ಳುವುದನ್ನು ಮಾರ್ಚ್ 22ಕ್ಕೆ ನಿಲ್ಲಿಸಿತು. ಹಣ ಬರುವ ಒಂದು ದಾರಿ ಮುಚ್ಚಿದ ಕೂಡಲೇ ಏಜೆಂಟರ ಧಾಟಿಯೂ ಬದಲಾಯಿತು. ಹಡಗಿನವರು ಈಗ ಲ್ಯಾಬಿನಲ್ಲಿ ಮಾಡುವ ಪಿಸಿಆರ್ ಒಂದನ್ನೇ ಒಪ್ಪುತ್ತಾರೆ, ಅದರಲ್ಲೂ ಹಿರಿಯರಿಗೆ ಔಷಧದ ಅಂಗಡಿಯಲ್ಲಿ ಕೂಡಲೇ ಫಲಿತಾಂಶ ಕೊಡುವ ಆಂಟಿಜೆನ್ ಪರೀಕ್ಷೆ ನಡೆಯುವುದೇ ಇಲ್ಲ, ಆದ್ದರಿಂದ ತಲಾ 199 ಡಾಲರ್ ಕಟ್ಟಿ ಅದೇ ಕೇಂದ್ರದಲ್ಲಿ "24 ಗಂಟೆಯ ಗ್ಯಾರಂಟಿ ಪಿಸಿಆರ್" ಮಾಡಿಸಿ ಎಂದರು. ಮಾರ್ಚ್ ಆರಂಭದಲ್ಲಿ ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುನ್ನ ಅಪ್ಪ ಅಮ್ಮ ಕೆಲವು ನೂರು ರೂಪಾಯಿಗೆ ಮಾಡಿಸಿಕೊಂಡು ಬಂದ ಅದೇ ಪರೀಕ್ಷೆಗೆ ಇಲ್ಲಿ ಈ ದರ. ವಯಸ್ಸಾದವರ ವಿಷಯದಲ್ಲಿ ಚೌಕಾಸಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಅವರು ಎಣಿಸಿದ್ದೂ ಅದನ್ನೇ.

ನಮ್ಮ ಹಡಗಿನ ನಿಯಮ ಏನಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೋಸ ನಡೆದದ್ದು ಇದರ ಮೇಲೆಯೇ. ಎರಡೂ ಡೋಸ್ ಪಡೆದವರು ಹಡಗು ಹೊರಡುವ ದಿನಕ್ಕಿಂತ ಹಿಂದಿನ ಎರಡು ದಿನಗಳ ಒಳಗೆ ಮಾದರಿ ಕೊಟ್ಟಿರಬೇಕಿತ್ತು. ಲೆಕ್ಕ ಗಂಟೆಗಳದ್ದಲ್ಲ, ದಿನಗಳದ್ದು. ಶನಿವಾರದ ಹಡಗಿಗೆ ಗುರುವಾರ ಬೆಳಿಗ್ಗೆ ಕೊಟ್ಟರೂ ಆಯಿತು, ಶುಕ್ರವಾರ ರಾತ್ರಿ ಕೊಟ್ಟರೂ ಆಯಿತು. ಎರಡು ವರ್ಷ ತುಂಬಿದ ಮಕ್ಕಳಿಗೂ ಪರೀಕ್ಷೆ ಕಡ್ಡಾಯವಾಗಿತ್ತು. ವರದಿಯಲ್ಲಿ ಹೆಸರು, ಹುಟ್ಟಿದ ದಿನಾಂಕ, ಪರೀಕ್ಷೆಯ ಬಗೆ, ಮಾದರಿ ತೆಗೆದ ದಿನ, ಪರೀಕ್ಷೆ ಮಾಡಿದ ಸಂಸ್ಥೆ, ಫಲಿತಾಂಶ ಇಷ್ಟೂ ಇರಬೇಕಿತ್ತು ಮತ್ತು ಪಾಸ್‌ಪೋರ್ಟಿನೊಂದಿಗೆ ತಾಳೆಯಾಗಬೇಕಿತ್ತು. ಪಿಸಿಆರ್ ಕೂಡ ಸರಿ, ಆಂಟಿಜೆನ್ ಕೂಡ ಸರಿ. ಆಂಟಿಜೆನ್ ಕೂಡ ಸರಿ ಎಂಬ ಈ ಒಂದು ಸಾಲನ್ನು ಏಜೆಂಟರು ನಮಗೆ ಕಳಿಸಿದ ಸೂಚನಾ ಪತ್ರದಿಂದ ತೆಗೆದುಹಾಕಿದ್ದರು.

ಗುರುವಾರ ಸಂಜೆ ಐವರೂ ಆ ಕೇಂದ್ರಕ್ಕೆ ಹೋದೆವು. ಅಂಗಡಿಗಳ ಸಾಲಿನ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದ ಒಂದು ಕ್ಯಾಬಿನ್, ಒಳಗೆ ಒಬ್ಬ ಹುಡುಗಿ, ಒಂದು ಟ್ಯಾಬ್ಲೆಟ್. ಪಾಸ್‌ಪೋರ್ಟುಗಳನ್ನು ಅವಳ ಕೈಗೇ ಕೊಟ್ಟೆವು, ಅವಳೇ ನೋಡಿ ವಿವರ ತುಂಬಿಕೊಂಡಳು, ಮೂಗಿನಿಂದ ಸ್ವ್ಯಾಬ್ ತೆಗೆದಳು. ನಾಳೆ ಈ ಹೊತ್ತಿಗೆ ಇ-ಮೇಲ್ ಬರುತ್ತದೆ ಎಂದಳು.

ಶುಕ್ರವಾರ ಫ್ಲಾರಿಡಾದ ಒರ್ಲ್ಯಾಂಡೊಗೆ ಬಂದಿಳಿದೆವು. ಸಂಜೆ ಕಳೆಯಿತು, ಇ-ಮೇಲ್ ಇಲ್ಲ. ರಾತ್ರಿ ನನ್ನದು, ನನ್ನ ಪತಿಯದು, ಮಗಳದು ಬಂದವು; ಅಪ್ಪನದೂ ಇಲ್ಲ, ಅಮ್ಮನದೂ ಇಲ್ಲ. ಕೇಂದ್ರದ ಸಹಾಯವಾಣಿಗೆ ಕರೆ ಮಾಡಿದರೆ ಸಿಕ್ಕ ಉತ್ತರ: 24 ಗಂಟೆ ಎಂದರೆ ನೀವು ಸ್ವ್ಯಾಬ್ ಕೊಟ್ಟಾಗಿನಿಂದ ಅಲ್ಲ, ಮಾದರಿ ಲ್ಯಾಬ್ ತಲುಪಿದಾಗಿನಿಂದ, ರಸೀದಿಯಲ್ಲಿ ಬರೆದಿದೆ, ಓದಿಕೊಳ್ಳಿ. ರಸೀದಿಯ ಕೊನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅದು ಇತ್ತು. ಹಾಗಾದರೆ ಲ್ಯಾಬಿಗೆ ಯಾವಾಗ ತಲುಪಿತು ಎಂದು ಕೇಳಿದರೆ, ಆ ಮಾಹಿತಿ ನಮ್ಮ ಬಳಿ ಇಲ್ಲ ಎಂದರು. ಗ್ಯಾರಂಟಿ ಎಂದು ಹಣ ತೆಗೆದುಕೊಂಡವರ ಬಳಿಯೇ ಗ್ಯಾರಂಟಿ ಯಾವಾಗ ಶುರುವಾಗುತ್ತದೆ ಎಂಬ ಮಾಹಿತಿ ಇರಲಿಲ್ಲ! ಏಜೆಂಟರಿಗೆ ವಾಟ್ಸಾಪ್ ಮಾಡಿದೆ. "ಮೇಡಂ, ಟೆನ್ಷನ್ ತಗೋಬೇಡಿ. ಬೆಳಿಗ್ಗೆ ಬಂದೇ ಬರುತ್ತೆ. ಬರದೇ ಇದ್ರೂ ಟರ್ಮಿನಲ್‌ನಲ್ಲಿ ಅಷ್ಟೊಂದು ನೋಡಲ್ಲ, ಹಿರಿಯರು ಅಂದ್ರೆ ಬಿಡ್ತಾರೆ" ಎಂದು ಬರೆದರು. ಆ ಸಂದೇಶವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಔಷಧದ ಅಂಗಡಿಗಳು ಇನ್ನೂ ತೆರೆದಿದ್ದ ಹೊತ್ತು ಅದು. ಬೇರೆ ಏನಾದರೂ ಮಾಡಿಸಬಹುದೇ ಎಂದು ಕೇಳಿದ್ದಕ್ಕೆ, "ಬೇಡ ಮೇಡಂ, ಎರಡೆರಡು ಟೆಸ್ಟ್ ಆದ್ರೆ ಸಿಸ್ಟಮ್‌ನಲ್ಲಿ ಪ್ರಾಬ್ಲಂ ಆಗುತ್ತೆ" ಎಂದರು. ಅಂಥ ಯಾವ ನಿಯಮವೂ ಹಡಗಿನವರಲ್ಲಿ ಇರಲಿಲ್ಲ ಎಂದು ಮರುದಿನ ತಿಳಿಯಿತು.

ಶನಿವಾರ ಟರ್ಮಿನಲ್ ಸಾಲಿನಲ್ಲಿ ನಿಂತಿರುವಾಗ ಅಪ್ಪನ ವರದಿ ಬಂತು. ನೆಗೆಟಿವ್. ಅಮ್ಮನದೂ ಇನ್ನೇನು ಬಂದೇಬಿಡುತ್ತದೆ ಎಂದುಕೊಂಡು ಕೌಂಟರಿಗೆ ಹೋದೆವು. ಕೌಂಟರಿನಾಕೆ ಅಪ್ಪನ ಪಾಸ್‌ಪೋರ್ಟನ್ನೂ ವರದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ಇನ್ನೊಮ್ಮೆ ನೋಡಿದರು, ಮೇಲ್ವಿಚಾರಕರನ್ನು ಕರೆದರು. ಅಪ್ಪ ಹುಟ್ಟಿದ್ದು ಮಾರ್ಚ್ 7ರಂದು. ಭಾರತದ ಪಾಸ್‌ಪೋರ್ಟಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಕೇಂದ್ರದ ಹುಡುಗಿ ಅಮೆರಿಕದ ರೂಢಿಯಂತೆ ಅದನ್ನು ಜುಲೈ 3 ಮಾಡಿಬಿಟ್ಟಿದ್ದಳು. ದಿನಾಂಕ ತಾಳೆಯಾಗದಿದ್ದರೆ ಇದು ಇವರದೇ ವರದಿ ಎಂದು ನಾನು ಒಪ್ಪಲಾಗದು ಎಂದರು ಮೇಲ್ವಿಚಾರಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಗೌರವದಿಂದಲೇ ಮಾತಾಡಿದರು, ಅಪ್ಪನಿಗೆ ಕುರ್ಚಿ ತರಿಸಿದರು. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆಯೇ ನನ್ನ ಕಾಲಡಿಯ ನೆಲವನ್ನು ಕುಸಿಯುವಂತೆ ಮಾಡಿದ್ದು: ಇಷ್ಟು ಕಷ್ಟಪಟ್ಟು ಪಿಸಿಆರ್ ಏಕೆ ಮಾಡಿಸಿದಿರಿ, ನಿನ್ನೆ ಯಾವುದಾದರೂ ಫಾರ್ಮಸಿಯಲ್ಲಿ ಆಂಟಿಜೆನ್ ಮಾಡಿಸಿದ್ದರೆ ಸಾಕಾಗಿತ್ತಲ್ಲ?

ಸಾಕಾಗಿತ್ತು. ಹದಿನೈದು ನಿಮಿಷದ ಆಂಟಿಜೆನ್ ಸಾಕಾಗಿತ್ತು. ವಿಡಿಯೊ ಕರೆಯಲ್ಲಿ ಒಬ್ಬ ಮೇಲ್ವಿಚಾರಕರ ಕಣ್ಣೆದುರು ಮಾಡಿಕೊಳ್ಳುವ ಮನೆಯ ಕಿಟ್ ಕೂಡ ಸಾಕಾಗಿತ್ತು, ಆಗ ಅದರ ಬೆಲೆ ಮೂವತ್ತು ಡಾಲರ್ ಆಸುಪಾಸು. ಹಿರಿಯರಿಗೆ ಪಿಸಿಆರ್ ಮಾತ್ರ ಎಂಬ ನಿಯಮವನ್ನು ತಾವು ಕೇಳಿಯೇ ಇಲ್ಲ ಎಂದರು ಟರ್ಮಿನಲ್‌ನ ಮೇಲ್ವಿಚಾರಕರು. ನಮ್ಮ ಏಜೆಂಟರು ಆ ನಿಯಮವನ್ನು ತಾವೇ ಹುಟ್ಟಿಸಿ, 199 ಡಾಲರಿಗೆ ಮಾರಿದ್ದರು. ಅಪ್ಪ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ನನ್ನದೇನಾದ್ರೂ ತಪ್ಪಾಯ್ತೇನಮ್ಮಾ? ನೀವು ಮೂವರು ಹೋಗಿಬನ್ನಿ, ನಾವು ಹೋಟೆಲ್‌ನಲ್ಲಿರ್ತೀವಿ" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಶಿವಮೊಗ್ಗದಲ್ಲಿ ಇಡೀ ಆಯುಷ್ಯ ಒಬ್ಬರ ಎದುರು ತಲೆತಗ್ಗಿಸದವರು, ತನ್ನ ಹುಟ್ಟಿದ ದಿನಾಂಕಕ್ಕಾಗಿ ಮಗಳ ಕ್ಷಮೆ ಕೇಳುವಂತೆ ಮಾಡಿದರು ಈ ಜನ. ಅದನ್ನು ನಾನು ಮರೆಯುವುದಿಲ್ಲ.

ಅಲ್ಲಿಂದಲೇ ಕೇಂದ್ರಕ್ಕೆ ಕರೆ ಮಾಡಿದೆ. ದಿನಾಂಕ ತಪ್ಪಾಗಿದೆ, ಪಾಸ್‌ಪೋರ್ಟಿನ ಚಿತ್ರ ಕಳಿಸುತ್ತೇನೆ, ತಿದ್ದಿ ಕಳಿಸಿ ಎಂದೆ. ಗ್ರಾಹಕರು ಕೊಟ್ಟ ಮಾಹಿತಿಯನ್ನೇ ನಾವು ತುಂಬಿರುವುದು ಎಂದರು. ನಿಮ್ಮ ಸಿಬ್ಬಂದಿಯೇ ತುಂಬಿದ್ದು ಎಂದೆ. ತಿದ್ದುಪಡಿಗೆ ಎರಡು ಕೆಲಸದ ದಿನ ಬೇಕು, ಇವತ್ತು ಶನಿವಾರ ಎಂದರು. ಹಡಗು ಇವತ್ತೇ ಹೊರಡುತ್ತದೆ ಎಂದೆ. ಹಡಗಿನ ವೇಳಾಪಟ್ಟಿಗೆ ನಾವು ಜವಾಬ್ದಾರರಲ್ಲ ಎಂದರು. ಅವರ ಬಾಗಿಲ ಮೇಲೆಯೇ "ಕ್ರೂಸ್ ಪ್ರಯಾಣಿಕರಿಗಾಗಿ" ಎಂಬ ಬೋರ್ಡು ಇದೆ! ಮಾತು ಮುಗಿಯುವ ಮೊದಲೇ ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ನಿಮ್ಮ ಕರೆ ನಮಗೆ ಅಮೂಲ್ಯ ಎಂಬ ಧ್ವನಿಮುದ್ರಣವೇ ಕೇಳಿಸುತ್ತಿತ್ತು. ಏಜೆಂಟರು ಫೋನ್ ಎತ್ತಲಿಲ್ಲ. ಟರ್ಮಿನಲ್ ಬಾಗಿಲು ಮುಚ್ಚಿದ ಮೇಲೆ ಅವರಿಂದ ಬಂದದ್ದು ಒಂದೇ ಸಾಲು: "ಮೇಡಂ, ಮದುವೆಯಲ್ಲಿದ್ದೀನಿ, ಸೋಮವಾರ ಮಾತಾಡೋಣ". ಅಮ್ಮನ ವರದಿ ಹಡಗು ಹೊರಟ ನಂತರ ಬಂತು. ಅದೂ ನೆಗೆಟಿವ್.

ಇನ್ನು ಹಣದ ವಿಷಯ, ಇದನ್ನು ಎಲ್ಲರೂ ತಿಳಿದಿರಬೇಕು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದ್ದರೆ ನಮ್ಮ ಹಡಗಿನ ಕಂಪನಿ ಸೋಂಕಿತರ ಹಣವನ್ನೂ ಅವರ ಜೊತೆ ಹೊರಟಿದ್ದ ಮನೆಯವರ ಹಣವನ್ನೂ ಹಿಂತಿರುಗಿಸುತ್ತಿತ್ತು. ಸರಿಯಾದ ವರದಿ ತೋರಿಸಲಾಗದವರಿಗೆ ಮಾತ್ರ ಏನೂ ಇರಲಿಲ್ಲ. ಅವರನ್ನು ಬಾರದೇ ಉಳಿದವರು ಎಂದು ಲೆಕ್ಕ ಹಾಕಿ, ಬಂದರಿನ ತೆರಿಗೆ ಮತ್ತು ಶುಲ್ಕವನ್ನಷ್ಟೇ ವಾಪಸ್ ಕೊಡುತ್ತಿದ್ದರು. ನಮಗೆ ಕೊಟ್ಟಿದ್ದೂ ಅಷ್ಟೇ. ನಾವು ಮೂವರು ಹತ್ತಬಹುದಿತ್ತು, ಹತ್ತಲಿಲ್ಲ, ಆದ್ದರಿಂದ ನಮ್ಮದು ಸ್ವಇಚ್ಛೆಯ ರದ್ದತಿಯಂತೆ. ಪ್ರಯಾಣದ ವಿಮೆಯವರು, ದಾಖಲೆ ಕೊರತೆಯಿಂದ ತಪ್ಪಿದ ಪ್ರಯಾಣಕ್ಕೆ ವಿಮೆ ಅನ್ವಯಿಸದು ಎಂದು ಒಂದು ಪ್ಯಾರಾದಲ್ಲಿ ಮುಗಿಸಿದರು. ಅಂದರೆ ಕೋವಿಡ್ ಬಂದಿದ್ದರೆ ಹಣ ಉಳಿಯುತ್ತಿತ್ತು, ಆರೋಗ್ಯವಾಗಿದ್ದು ವರದಿ ತಡವಾದ್ದರಿಂದ ಐದೂ ಜನರ ಹಣ ಹೋಯಿತು. ವರದಿ ಕೊಡುವವನ ಕೈಯಲ್ಲಿ ನಿಮ್ಮ ಪರೀಕ್ಷೆಯ 199 ಡಾಲರ್ ಅಷ್ಟೇ ಅಲ್ಲ, ಇಡೀ ಪ್ರವಾಸದ ಹಣ ಇರುತ್ತದೆ. ಇದು ಏಜೆಂಟರಿಗೆ ಚೆನ್ನಾಗಿ ಗೊತ್ತಿತ್ತು, ನಮಗೆ ಹೇಳಲಿಲ್ಲ.

ಸೋಮವಾರ ಏಜೆಂಟರು ಸಿಕ್ಕರು. ಟೆಸ್ಟಿಂಗ್ ಸೆಂಟರ್ ಬೇರೆ, ನಾವು ಬೇರೆ, ನಮಗೂ ಅವರಿಗೂ ಸಂಬಂಧವಿಲ್ಲ ಎಂದರು. ನಮ್ಮ ಐದೂ ರಸೀದಿಗಳಲ್ಲಿ "ಶಿಫಾರಸು" ಎಂಬ ಜಾಗದಲ್ಲಿ ಅವರದೇ ಏಜೆನ್ಸಿಯ ಹೆಸರು ಅಚ್ಚಾಗಿದೆಯಲ್ಲ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಡಿಸ್ಕೌಂಟ್‌ಗೆ ಮೇಡಂ" ಎಂದರು. ಯಾವ ಡಿಸ್ಕೌಂಟ್? ಬೋರ್ಡಿನ ಮೇಲಿನ ದರವೇ 199. ಆಂಟಿಜೆನ್ ನಡೆಯುವುದಿಲ್ಲ ಎಂದು ಏಕೆ ಹೇಳಿದಿರಿ ಎಂದು ಮತ್ತೆ ಮತ್ತೆ ಕೇಳಿದೆ. "ಸೇಫ್ ಆಗಿರ್ಲಿ ಅಂತ ಹೇಳಿದ್ದು. ನಮ್ಮೋರು ಅಂತ ಮಾಡಿಕೊಟ್ಟೆ, ನೀವು ಹಿಂಗೆ ಮಾತಾಡ್ತೀರಿ" ಎಂದು ನನ್ನನ್ನೇ ಆಕ್ಷೇಪಿಸಿದರು. ನಮ್ಮೋರು ಎಂಬ ನಂಬಿಕೆಯನ್ನು ಮಾರಾಟಕ್ಕೆ ಇಟ್ಟವರಿಂದ ಈ ಮಾತು ಕೇಳಬೇಕಾಯಿತು.

ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಪ್ರತ್ಯೇಕವಾಗಿ ನಿಲ್ಲಿಸಿದಾಗ ಅದರಲ್ಲಿ 3,711 ಜನರಿದ್ದರು, 138 ಮಂದಿ ಭಾರತೀಯರು, ಬಹುಪಾಲು ದುಡಿಯಲು ಹೋದ ಸಿಬ್ಬಂದಿ. ಏಳುನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. 2022ರ ಆರಂಭದಲ್ಲಿ ಮುಂಬಯಿಯಿಂದ ಗೋವಾಕ್ಕೆ ಹೋದ ಹಡಗಿನಲ್ಲೂ ಹತ್ತಾರು ಜನರಿಗೆ ಸೋಂಕು ಪತ್ತೆಯಾಗಿ ಹಡಗು ಹಿಂದಿರುಗಬೇಕಾಯಿತು. ಮುಚ್ಚಿದ ಹಡಗಿನಲ್ಲಿ ವಯಸ್ಸಾದವರ ನಡುವೆ ಇದು ಹರಡಿದರೆ ಏನಾಗುತ್ತದೆಂದು ನಮಗೆ ಗೊತ್ತು, ಆದ್ದರಿಂದಲೇ ನಿಯಮವನ್ನು ಅಕ್ಷರಶಃ ಪಾಲಿಸಲು ಹೋದೆವು. ಆ ಭಯವನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ನನ್ನ ಸಿಟ್ಟು. ಇಂಥವರು ಇವರೊಬ್ಬರೇ ಅಲ್ಲ. ಇಲಿನಾಯ್ ರಾಜ್ಯದಲ್ಲಿ ಕೇಂದ್ರ ಕಚೇರಿ ಇದ್ದ, ದೇಶದುದ್ದಕ್ಕೂ ಪರೀಕ್ಷಾ ಕೇಂದ್ರಗಳನ್ನು ತೆರೆದಿದ್ದ ಕಂಪನಿಯೊಂದು ವರದಿಗಳನ್ನು ಕೊಡದೆ ಸತಾಯಿಸಿದ ದೂರುಗಳ ನಡುವೆ 2022ರ ಜನವರಿಯಲ್ಲಿ ಬಾಗಿಲು ಹಾಕಿತು, ಅದರ ಕಚೇರಿಯಲ್ಲಿ ಎಫ್‌ಬಿಐ ಶೋಧ ನಡೆಸಿತು.

ಮುಂದೆ ಎಂದಾದರೂ ಪರೀಕ್ಷೆ ಕೇಳುವ ಹಡಗಿಗೆ ಹೋಗುವವರಿಗೆ ಹೇಳುವುದಿಷ್ಟೆ. ನಿಯಮವನ್ನು ಹಡಗಿನ ಕಂಪನಿಯಿಂದಲೇ ನೇರವಾಗಿ ತಿಳಿದುಕೊಳ್ಳಿ, ಏಜೆಂಟರು ಕಳಿಸುವ ಹಾಳೆಯನ್ನು ಓದಲೂಬೇಡಿ. ಆಂಟಿಜೆನ್ ಒಪ್ಪುತ್ತಾರಾದರೆ ಫಾರ್ಮಸಿಯಲ್ಲಿ ಮಾಡಿಸಿ, ವರದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡಿ. ವಿಡಿಯೊ ಮೂಲಕ ಮಾಡುವ ಕಿಟ್ ತಂದಿಟ್ಟುಕೊಳ್ಳುವುದಾದರೆ ಕರೆ ಶುರುವಾಗುವ ಮೊದಲು ಪೊಟ್ಟಣ ಬಿಚ್ಚಬೇಡಿ, ಬಿಚ್ಚಿದರೆ ಒಪ್ಪುವುದಿಲ್ಲ. ಹುಟ್ಟಿದ ತಿಂಗಳನ್ನು ಅಕ್ಷರದಲ್ಲಿ ಬರೆದುಕೊಡಿ ಮತ್ತು ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಿ ತೋರಿಸು ಎಂದು ಹೇಳಿ, ಸಂಕೋಚ ಬೇಡ. ದಿನಾಂಕ 12ರ ಒಳಗೆ ಇರುವ ಪ್ರತಿಯೊಬ್ಬ ಭಾರತೀಯನಿಗೂ ಅಪ್ಪನಿಗಾದದ್ದು ಆಗಬಹುದು.

ಕ್ರೆಡಿಟ್ ಕಾರ್ಡಿನವರಿಗೆ ದೂರು ಕೊಟ್ಟಿದ್ದೇನೆ. ಎಲ್ಲರ ವರದಿಯನ್ನೂ ತಲುಪಿಸಿದ್ದೇವೆ, ಸೇವೆ ಪೂರ್ಣಗೊಂಡಿದೆ ಎಂದು ಕೇಂದ್ರದವರು ಅವರಿಗೆ ಉತ್ತರ ಬರೆದಿದ್ದಾರೆ, ಜುಲೈ 3ರ ಆ ವರದಿಯನ್ನೇ ಸಾಕ್ಷಿಯಾಗಿ ಲಗತ್ತಿಸಿ. ಪಾಸ್‌ಪೋರ್ಟಿನ ಪ್ರತಿ ಮತ್ತು ಏಜೆಂಟರ ಸಂದೇಶಗಳನ್ನು ಸೇರಿಸಿ ಮರುಉತ್ತರ ಕಳಿಸಿದ್ದೇನೆ. ಅದೇ ಏಜೆಂಟರು ಆ ಬಳಿಕ ಅಲಾಸ್ಕಾ ಕ್ರೂಸ್‌ಗೆ ಬುಕಿಂಗ್ ತೆಗೆದುಕೊಳ್ಳತೊಡಗಿದರು, "ಟೆಸ್ಟ್ ಸಮೇತ" ಎಂದು. ನಿಮಗೂ ಪಿಸಿಆರ್ ಮಾತ್ರ ಎಂದು ಅವರು ಹೇಳಿದರೆ, ಯಾವ ನಿಯಮ, ಎಲ್ಲಿದೆ, ಬರಹದಲ್ಲಿ ಕೊಡಿ ಎಂದು ಕೇಳಿ; ಕೊಡುವವರೆಗೆ ಒಂದು ಡಾಲರನ್ನೂ ಕಟ್ಟಬೇಡಿ.