ಮಲಗಿದ ಸರ್ವಿಸನ್ನು ಎಬ್ಬಿಸೋಕೆ ಯಾವ ಪ್ರಾಕ್ಸಿ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಸಿಸ್ಟಮ್‌ಡಿ-ಸಾಕೆಟ್-ಪ್ರಾಕ್ಸಿಡಿಗೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸೋ ಸಿಸ್ಟಮ್‌ಡಿಯ ಜೊತೆಗೇ ಬರೋ ಪುಟ್ಟ ಪ್ರಾಕ್ಸಿ ಅದು, ಅಂದರೆ ಮಧ್ಯೆ ನಿಂತು ಕನೆಕ್ಷನ್ ದಾಟಿಸೋ ಪ್ರೋಗ್ರಾಮು. ನನ್ನದು 2 ಜಿಬಿ ರ‍್ಯಾಮಿನ ಹಳೇ ಮಷೀನು. ಅದರಲ್ಲೊಂದು ಜಾವಾ ಅಪ್ಲಿಕೇಶನ್. ನಾನದನ್ನು ತೆರೆಯೋದು ವಾರಕ್ಕೆರಡು ಸಲ, ಅದು ಮೆಮೊರಿ ತಿನ್ನೋದು ಮಾತ್ರ ಏಳೂ ದಿನ. ಯಾರಾದರೂ ಪೋರ್ಟ್ ತಟ್ಟಿದಾಗ ಎದ್ದು, ಕೆಲಸ ಮುಗಿದ ಮೇಲೆ ಮಲಗಿದರೆ ಸಾಕಿತ್ತು.

ಎರಡು ಕಡೆಯ ಕನೆಕ್ಷನ್ ಬೆಸೆಯೋ ಸೋಕ್ಯಾಟ್ ಒಂದೇ ಸಾಲಿನ ಕಮಾಂಡ್. ಪ್ರತಿ ಕನೆಕ್ಷನ್ನಿಗೂ ಹೊಸ ಪ್ರೊಸೆಸ್ ಹುಟ್ಟಿಸೋ ‘ಫೋರ್ಕ್’ ಆಯ್ಕೆ ಮರೆತಿರೋ, ಒಂದು ಕನೆಕ್ಷನ್ ಮುಗಿದ ಕೂಡಲೇ ಅದೂ ಗಂಟುಮೂಟೆ ಕಟ್ಟುತ್ತೆ. ಅವಸರದ ಪರೀಕ್ಷೆಗೆ ಸರಿ.

ಎಚ್‌ಎಪ್ರಾಕ್ಸಿ ಗಟ್ಟಿ ಆಸಾಮಿ. ಬಂದವರ ನಿಜವಾದ ಐಪಿಯನ್ನು ಪ್ರಾಕ್ಸಿ ಪ್ರೋಟೊಕಾಲ್ ಅನ್ನೋ ಪದ್ಧತಿಯಲ್ಲಿ ಹಿಂದಿರುವ ಸರ್ವಿಸ್‌ಗೆ ದಾಟಿಸುತ್ತೆ. ಸಾಕೆಟ್-ಪ್ರಾಕ್ಸಿಡಿಗೆ ಅದು ಬರಲ್ಲ, ಲಾಗ್ ತುಂಬ ಬರೀ 127.0.0.1, ಅಂದರೆ ಮಷೀನಿನದ್ದೇ ವಿಳಾಸ. ಲಾಗ್ ನೋಡಿ ಐಪಿ ತಡೆಯುವವರು ಇಲ್ಲೇ ಓದು ನಿಲ್ಲಿಸಿ, ಎಚ್‌ಎಪ್ರಾಕ್ಸಿ ಹಾಕಿಕೊಳ್ಳಿ. ಆದರೆ ಹಿಂದಿನ ಸರ್ವಿಸನ್ನು ಎಬ್ಬಿಸೋದು ಅದರ ಕೆಲಸವಲ್ಲ.

ಸಾಕೆಟ್-ಪ್ರಾಕ್ಸಿಡಿಗೆ ಎರಡು ಪುಟ್ಟ ಯೂನಿಟ್ ಫೈಲು (ಏನನ್ನು ಹೇಗೆ ನಡೆಸಬೇಕು ಅಂತ ಸಿಸ್ಟಮ್‌ಡಿಗೆ ಹೇಳೋ ಫೈಲು) ಸಾಕು: 8080ರಲ್ಲಿ ಕಾಯೋ ಸಾಕೆಟ್, ಅದೇ ಹೆಸರಿನ ಪ್ರಾಕ್ಸಿ ಸರ್ವಿಸ್. ಅಪ್ಲಿಕೇಶನ್ನನ್ನು 127.0.0.1ರ 8081ಕ್ಕೆ ಸರಿಸಿ, ಪ್ರಾಕ್ಸಿಯಲ್ಲಿ ಅದನ್ನು ‘ರಿಕ್ವೈರ್ಸ್’, ‘ಆಫ್ಟರ್’ ಎರಡರಲ್ಲೂ ಹೆಸರಿಸಿದೆ: ಮೊದಲನೆಯದು ಅಪ್ಲಿಕೇಶನ್ನನ್ನೂ ಎಬ್ಬಿಸುತ್ತೆ, ಎರಡನೆಯದು ಅದು ಶುರುವಾದ ಮೇಲಷ್ಟೇ ಪ್ರಾಕ್ಸಿಯನ್ನು ಶುರುಮಾಡುತ್ತೆ. ಕನೆಕ್ಷನ್ ಇಲ್ಲದೇ ಡೇಟಾ ಕಳಿಸೋ ಯುಡಿಪಿ ಇದರಲ್ಲಿ ನಡೆಯಲ್ಲ.

ಒಂದು ಸಂಜೆಯೇ ಹಾಳಾಗಿದ್ದು ಇಲ್ಲಿ. ಮೊದಲ ಸಲ ತೆರೆದರೆ ಕನೆಕ್ಷನ್ ಕಟ್. ರಿಫ್ರೆಶ್ ಮಾಡಿದೆ, ಮತ್ತೆ ಕಟ್. ಅರ್ಧ ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಪುಟ ಬಂತು. ಫೈರ್‌ವಾಲನ್ನು ಬೈದೆ, ಪಾಪ. ತಪ್ಪಿದ್ದದ್ದು ಅಪ್ಲಿಕೇಶನ್ನಿನ ಯೂನಿಟ್ ಫೈಲಿನ ‘ಟೈಪ್=ಸಿಂಪಲ್’ನಲ್ಲಿ. ಪ್ರೊಸೆಸ್ ಹುಟ್ಟಿದ ಗಳಿಗೆಯೇ ಸಿಸ್ಟಮ್‌ಡಿ ಲೆಕ್ಕದಲ್ಲಿ ಸರ್ವಿಸ್ ಶುರುವಾದ ಹಾಗೆ. ಜಾವಾ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಪ್ರಾಕ್ಸಿ 8081ರ ಬಾಗಿಲು ಬಡಿದು, ಯಾರೂ ತೆರೀಲಿಲ್ಲ ಅಂತ ವಾಪಸ್ಸಾಗ್ತಿತ್ತು.

‘ಟೈಪ್=ನೋಟಿಫೈ’ ಹಾಕೋಣ ಅಂದರೆ, ನಾನು ಸಿದ್ಧ ಅಂತ ಅಪ್ಲಿಕೇಶನ್ನೇ ತಿಳಿಸಬೇಕು. ನನ್ನದಕ್ಕೆ ಆ ಭಾಗ್ಯವಿಲ್ಲ. ಕೊನೆಗೆ, ಪ್ರೊಸೆಸ್ ಹುಟ್ಟಿದ ಮೇಲೆ ಓಡೋ ‘ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್’ನಲ್ಲಿ, 8081 ತೆರೆಯೋ ತನಕ ಅರ್ಧ ಸೆಕೆಂಡಿಗೊಮ್ಮೆ ಇಣುಕೋ ಪುಟ್ಟ ಲೂಪ್ ಬರೆದೆ. ಅದು ಮುಗಿಯೋವರೆಗೆ ಪ್ರಾಕ್ಸಿ ಶುರುವಾಗಲ್ಲ. ಬಂದ ಕನೆಕ್ಷನ್ 8080ರ ಸಾಕೆಟ್‌ನಲ್ಲಿ ತೆಪ್ಪಗೆ ಸಾಲಿನಲ್ಲಿ ನಿಂತಿರುತ್ತೆ.

ಮಲಗಿಸೋಕೆ ಪ್ರಾಕ್ಸಿಗೆ ‘ಎಕ್ಸಿಟ್-ಐಡಲ್-ಟೈಮ್’ 10 ನಿಮಿಷ (ಅಷ್ಟು ಹೊತ್ತು ಕನೆಕ್ಷನ್ ಇಲ್ಲದಿದ್ದರೆ ತಾನೇ ನಿಲ್ಲುತ್ತೆ), ಅಪ್ಲಿಕೇಶನ್ನಿಗೆ ‘ಸ್ಟಾಪ್‌ವೆನ್‌ಅನ್‌ನೀಡೆಡ್’ (ಬೇಕೆನ್ನುವ ಸರ್ವಿಸ್ ಯಾವುದೂ ಉಳಿಯದಿದ್ದರೆ ನಿಲ್ಲುತ್ತೆ). ಮೊದಲನೆಯದಕ್ಕೆ ಸಿಸ್ಟಮ್‌ಡಿ 246ನೇ ಆವೃತ್ತಿಯಾದರೂ ಬೇಕು. ಇಷ್ಟಾದರೂ ಒಂದು ರಾತ್ರಿಯಿಡೀ ಜಾವಾ ಎದ್ದೇ ಇತ್ತು. ನೋಡಿದರೆ ಬ್ರೌಸರಿನ ಮೂಲೆಯಲ್ಲಿ ನಾನೇ ಮರೆತ ಟ್ಯಾಬು, ಮುಚ್ಚದೇ ಉಳಿಯೋ ಕನೆಕ್ಷನ್ನಾದ ವೆಬ್‌ಸಾಕೆಟ್ ಬಿಗಿಯಾಗಿ ಹಿಡಿದು ಕೂತಿತ್ತು.