ತಡವಾಗಿ ಬಂದರೂ ತಯಾರಾಗಿಯೇ ಬಂದ ಪಿಸ್ತೂಲು: ಸಿಝಡ್ ಪಿ-10 ಸಿ

ಹೊರಗೆ ಹ್ಯಾಮರ್ (ಬಡಿದು ಗುಂಡು ಹಾರಿಸುವ ಸುತ್ತಿಗೆಯಂಥ ಭಾಗ) ಇಲ್ಲದೆ, ಸ್ಲೈಡಿನೊಳಗೆ, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗದೊಳಗೆ, ಸ್ಪ್ರಿಂಗಿನ ಬಲದಲ್ಲಿ ನುಗ್ಗುವ ಸ್ಟ್ರೈಕರ್ ಎಂಬ ಕಡ್ಡಿಯಿಂದ ಗುಂಡು ಸಿಡಿಸುವ ಪಿಸ್ತೂಲುಗಳಿಗೆ ಮಾದರಿಯಾದದ್ದು 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17. ಜೆಕ್ ಗಣರಾಜ್ಯದ ಸಿಝಡ್ ಕಂಪನಿ ಈ ವರ್ಗಕ್ಕೆ ಪೂರ್ಣ ಮನಸ್ಸಿನಿಂದ ಇಳಿದದ್ದು 2017ರಲ್ಲಿ, ಪಿ-10 ಸಿ ಪಿಸ್ತೂಲಿನೊಂದಿಗೆ. ಅದಕ್ಕೂ ಹಿಂದೆ, 1990ರ ದಶಕದಲ್ಲಿ, ಸಿಝಡ್ 100 ಎಂಬ ಪ್ರಯತ್ನವೊಂದು ನಡೆದಿತ್ತಾದರೂ ಅದು ಹೆಚ್ಚು ಹೆಸರು ಮಾಡಲಿಲ್ಲ. ಫ್ರಾಂಟಿಶೆಕ್ ಕೌಟ್ಸ್ಕಿ ಮತ್ತು ಅವರ ಸಹೋದರ ಯೋಸೆಫ್ ರೂಪಿಸಿದ, ಹ್ಯಾಮರ್ ಇರುವ, ಉಕ್ಕಿನ ಚೌಕಟ್ಟಿನ ಸಿಝಡ್ 75 ಅಷ್ಟು ಜನಪ್ರಿಯವಾಗಿದ್ದಾಗ ಕಂಪನಿಗೆ ಅವಸರವೂ ಇರಲಿಲ್ಲ.

ಪ್ರಾಗ್ ನಗರದ ಒಂದು ಶೂಟಿಂಗ್ ರೇಂಜಿನಲ್ಲಿ ಸಿಝಡ್ 75 ಮತ್ತು ಪಿ-10 ಸಿ ಎರಡನ್ನೂ ಹಾರಿಸಿ ನೋಡುವ ಅವಕಾಶ ನನಗೆ ದೊರೆಯಿತು. ಸಿಝಡ್ 75 ಸುಮಾರು ಒಂದು ಕಿಲೋ ತೂಗಿದರೆ, ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಪಿ-10 ಸಿ ಸುಮಾರು 740 ಗ್ರಾಂ ಮಾತ್ರ ತೂಗುತ್ತದೆ. 9 ಮಿ.ಮೀ. ಮಾದರಿಯ ಮ್ಯಾಗಜಿನ್ (ತೋಟೆ ತುಂಬುವ ಪೆಟ್ಟಿಗೆ) 15 ತೋಟೆಗಳನ್ನು ಹಿಡಿಯುತ್ತದೆ. ಹಿಡಿಕೆಯ ಹಿಂಬದಿಗೆ ಮೂರು ಅಳತೆಯ ಪಟ್ಟಿಗಳನ್ನು ಕೊಟ್ಟಿರುವುದರಿಂದ ಸಣ್ಣ ಅಂಗೈಯವರಿಗೂ ಅದು ಸರಿಹೊಂದುತ್ತದೆ.

ಆದರೆ ಈ ಪಿಸ್ತೂಲಿನ ನಿಜವಾದ ಬಂಡವಾಳ ಅದರ ಟ್ರಿಗರ್. ಬೆರಳಿಟ್ಟ ಕೂಡಲೇ ನಡುವಿನ ಸಣ್ಣ ಸುರಕ್ಷಾ ಪಟ್ಟಿ ಒಳಗೆ ಸರಿಯುತ್ತದೆ. ಸ್ವಲ್ಪ ಸಡಿಲವಾಗಿ ಚಲಿಸಿದ ಮೇಲೆ ಟ್ರಿಗರ್ ಒಂದೆಡೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಂದ ಒತ್ತಿದರೆ ಎಳೆದಾಟವಿಲ್ಲದೆ ಥಟ್ಟನೆ ಬಿಡುತ್ತದೆ. ಗುಂಡು ಹಾರಿದ ಬಳಿಕ ಬೆರಳನ್ನು ಕೊಂಚ ಮುಂದೆ ಬಿಟ್ಟರೆ ಸಾಕು, ಮುಂದಿನ ಗುಂಡಿಗೆ ಅದು ಸಿದ್ಧವಾದದ್ದು ಬೆರಳ ತುದಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಸಿಝಡ್ 75ರಲ್ಲಿ ಹ್ಯಾಮರ್ ಇಳಿದಿರುವಾಗ ಮೊದಲ ಗುಂಡಿಗೆ ಉದ್ದನೆಯ ಭಾರವಾದ ಎಳೆತ ಬೇಕು, ನಂತರದ ಗುಂಡುಗಳಿಗೆ ಹಗುರವಾದ ಎಳೆತ ಸಾಕು. ಪಿ-10 ಸಿಯಲ್ಲಿ ಮೊದಲಿನಿಂದ ಕೊನೆಯವರೆಗೂ ಎಳೆತ ಒಂದೇ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಧಾನವಾಗಿ ಗುರಿ ಹಿಡಿದು, ಹ್ಯಾಮರ್ ಹಿಂದಕ್ಕೆಳೆದು ಹೊಡೆಯುವಾಗ ಹಳೆಯ 75 ಕೊಡುವ ನಯ ಮಾತ್ರ ಪಿ-10 ಸಿಗೆ ಬಂದಿಲ್ಲ.

ಮಂಗಳೂರಿನಲ್ಲಿ ನಮ್ಮ ಹಿರಿಯ ಶೂಟರ್ ಒಬ್ಬರ ಆಕ್ಷೇಪ ಬೇರೆಯೇ. "ಹ್ಯಾಮರ್ ಕಾಣದಿದ್ದರೆ ಪಿಸ್ತೂಲು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುವುದು ಹೇಗೆ ಮಾರಾಯ್ರೆ?" ಎಂದು ಅವರು ಕೇಳುತ್ತಾರೆ. ತೋಟ ಕಾಯುವ ಹಳೆಯ ಒಂಟಿ ನಳಿಗೆಯ ಕೋವಿಯಿಂದ ಕಲಿತವರಿಗೆ ಈ ಅಳುಕು ಸಹಜ, ಮತ್ತು ಅದನ್ನು ನಾನು ತಳ್ಳಿಹಾಕುವುದಿಲ್ಲ. ಪಿ-10 ಸಿಯನ್ನು ಬಿಚ್ಚಿ ಸ್ವಚ್ಛಗೊಳಿಸಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು; ಒಳಗೆ ತೋಟೆ ಉಳಿದಿದ್ದರೆ ಅದು ಹಾರಿಬಿಡುತ್ತದೆ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ (ನಳಿಗೆಯ ಹಿಂದಿನ ತುದಿಯಲ್ಲಿ ತೋಟೆ ಕೂರುವ ಜಾಗ) ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳದವರ ಕೈಗೆ ಇಂಥ ಪಿಸ್ತೂಲನ್ನು ಕೊಡಲೇಬಾರದು. ಆರಂಭದ ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಬಿಡಿಸುವ ಗುಂಡಿ ತೀರಾ ಬಿಗಿ ಎಂಬ ದೂರು ಬಳಕೆದಾರರಿಂದ ವ್ಯಾಪಕವಾಗಿ ಕೇಳಿಬಂದಿತ್ತು.

ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಬೆವರಿನಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದನ್ನು ಬಲ್ಲವರಿಗೆ ಪಾಲಿಮರ್ ಚೌಕಟ್ಟೂ ತುಕ್ಕು ತಡೆಯುವ ನೈಟ್ರೈಡ್ ಸಂಸ್ಕರಣೆಯ ಸ್ಲೈಡೂ ಸಮಾಧಾನ ತರುತ್ತವೆ. ಆದರೆ ಇಲ್ಲಿ ಅದನ್ನು ಕೊಳ್ಳುವ ಮಾತು ದೂರವೇ ಉಳಿಯಿತು. ಉಡುಪಿಯಲ್ಲಿ ಜಿಲ್ಲಾಧಿಕಾರಿಗಳು, ಮಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು ನೀಡುವ ಸಾಮಾನ್ಯ ಪರವಾನಗಿಗೆ .32 ಇಂಚು ಅಳತೆಯ ಪಿಸ್ತೂಲು ಸಿಗಬಹುದೇ ಹೊರತು 9 ಮಿ.ಮೀ. ಪಿಸ್ತೂಲು ಸಿಗುವುದಿಲ್ಲ, ಏಕೆಂದರೆ ಅದು ನಿಷಿದ್ಧ ಬೋರ್ (ಸಾಮಾನ್ಯರಿಗೆ ನಿಷೇಧಿಸಿರುವ ನಳಿಗೆಯ ಅಳತೆ) ವರ್ಗಕ್ಕೆ ಸೇರಿದೆ.

ವಿದೇಶದ ರೇಂಜಿಗೆ ಹೋಗುವ ಆಸಕ್ತರು ಎರಡನ್ನೂ ಒಂದೇ ಸರದಿಯಲ್ಲಿ ಕೇಳಿ ಪಡೆಯಲಿ. ಮೊದಲು 75ನ್ನು ಹ್ಯಾಮರ್ ಇಳಿದ ಸ್ಥಿತಿಯಿಂದ ಹಾರಿಸಿ, ಬಳಿಕ ಪಿ-10 ಸಿ ಹಿಡಿದು, ಎರಡೂ ಗುರಿಹಲಗೆಗಳಲ್ಲಿ ಮೊದಲ ಗುಂಡು ಎಲ್ಲಿ ಬಿದ್ದಿದೆ ಎಂದು ಹೋಲಿಸಿ ನೋಡಬೇಕು.